ಲುಕ್ಬಾನ್‌ಗೆ ಹೋಗೋರಿಗೆ: 14ನೇ ತಾರೀಖೇ ಊರೊಳಗಿರಿ

ಫಿಲಿಪೀನ್ಸ್‌ಗೆ ಹೋಗ್ತೀನಿ ಅಂದ್ರೆ ಸಾಕು, ಎಲ್ರೂ ಬೊರಾಕಾಯ್, ಪಲವಾನ್ ಅಂತ ಬೀಚ್‌ಗಳ ಹೆಸರು ಹೇಳೋಕೆ ಶುರು ಮಾಡ್ತಾರೆ. ಹೋಗಿ ಬನ್ನಿ, ಬೇಡ ಅನ್ನಲ್ಲ, ಆದ್ರೆ ಸಮುದ್ರ ನೋಡೋಕೆ ನಮಗೆ ಗೋಕರ್ಣ ಇದೆ. ನಾನು ಹೇಳೋಕೆ ಹೊರಟಿರೋದು ಲುಕ್ಬಾನ್ ಅನ್ನೋ ಊರಿನ ಬಗ್ಗೆ. ಮನಿಲಾದಿಂದ ಸುಮಾರು 130 ಕಿಲೋಮೀಟರ್, ಕೆಸೋನ್ ಪ್ರಾಂತ್ಯ, ಬನಾಹಾವ್ ಅನ್ನೋ ಬೆಟ್ಟದ ಬುಡ. ಸುತ್ತ ಗದ್ದೆ, ತೆಂಗಿನ ತೋಟ, ಬೆಟ್ಟದಿಂದ ಇಳಿಯೋ ತಣ್ಣನೆ ನೀರು, ಆ ನೀರು ಕಟ್ಟಿ ಮಾಡಿರೋ ರೆಸಾರ್ಟ್‌ಗಳು, ಮೇ 15ಕ್ಕೆ ಮನೆಗಳನ್ನೆಲ್ಲ ಬೆಳೆಯಿಂದ ಸಿಂಗರಿಸೋ ಪಹಿಯಾಸ್ ಹಬ್ಬ. ಲುಕ್ಬಾನ್ ಅಂದ್ರೆ ಅಲ್ಲಿನ ತಗಾಲೊಗ್ ಭಾಷೇಲಿ ಚಕ್ಕೋತ ಹಣ್ಣು. ದೇವನಹಳ್ಳಿ ಚಕ್ಕೋತದ ಪಕ್ಕದಲ್ಲಿ ವಿಮಾನ ಹತ್ತಿ ಚಕ್ಕೋತದ ಊರಲ್ಲೇ ಇಳಿದ ಹಾಗಾಯ್ತು ಅಂತ ಅಮ್ಮ ದಾರಿ ಪೂರ್ತಿ ನಗ್ತಿದ್ಲು.

ಹೌದು, ಅಮ್ಮನ್ನ ಕರ್ಕೊಂಡು ಹೋಗಿದ್ದೆ, 2024ರ ಮೇ ತಿಂಗಳಲ್ಲಿ. ಸಾಗರ ಕಡೆಯವಳು, ಮೊಟ್ಟೆನೂ ಮುಟ್ಟಲ್ಲ, ಮೊಣಕಾಲು ನೋವು ಬೇರೆ. ಅವಳಿಗೆ ಸಾಧ್ಯ ಆಯ್ತು ಅಂದ್ರೆ ನಿಮಗೂ ಆಗುತ್ತೆ, ಅದಕ್ಕೇ ಬರೀತಿದೀನಿ.

ಮೊದ್ಲು ವೀಸಾ ವಿಷ್ಯ ಮುಗಿಸಿಬಿಡ್ತೀನಿ. ನಾವು ಹೋದಾಗ ಬ್ಯಾಂಕ್ ಸ್ಟೇಟ್‌ಮೆಂಟು ಅದು ಇದು ಅಂತ ಒಂದು ಫೈಲು ಕಟ್ಬೇಕಿತ್ತು, ಈಗ ಆ ತಲೆನೋವಿಲ್ಲ. 2025ರ ಜೂನ್‌ನಿಂದ ಭಾರತದ ಪಾಸ್‌ಪೋರ್ಟ್ ಇರೋರು ಟೂರಿಸ್ಟ್ ಆಗಿ 14 ದಿನ ವೀಸಾ ಇಲ್ದೆ ಇರ್ಬಹುದು, ಅಮೆರಿಕ, ಜಪಾನ್, ಆಸ್ಟ್ರೇಲಿಯಾ, ಕೆನಡಾ, ಶೆಂಗೆನ್, ಸಿಂಗಾಪುರ, ಬ್ರಿಟನ್ ಇದ್ರಲ್ಲಿ ಯಾವುದಾದ್ರೂ ಒಂದು ವೀಸಾ ಚಾಲ್ತಿಲಿದ್ರೆ 30 ದಿನ. ಪಾಸ್‌ಪೋರ್ಟ್ ಇನ್ನೂ ಆರು ತಿಂಗಳಾದ್ರೂ ನಡೀಬೇಕು, ವಾಪಸ್ ಟಿಕೆಟ್ ಇರ್ಬೇಕು, ಉಳ್ಕೊಳ್ಳೋ ಜಾಗದ ಬುಕಿಂಗ್ ಇರ್ಬೇಕು, ಖರ್ಚಿಗೆ ದುಡ್ಡಿದೆ ಅಂತ ತೋರಿಸೋಕೆ ಏನಾದ್ರೂ ಇಟ್ಕೊಂಡಿರಿ. ಈ-ಟ್ರಾವೆಲ್ ಅನ್ನೋ ಆನ್‌ಲೈನ್ ಫಾರ್ಮ್ ಒಂದಿದೆ, ಅಲ್ಲಿ ಇಳಿಯೋ 72 ಗಂಟೆ ಒಳಗೆ ತುಂಬ್ಬೇಕು, ಫ್ರೀ, ಅದಕ್ಕೆ ದುಡ್ಡು ಕೇಳೋ ಸೈಟ್ ಸಿಕ್ರೆ ಅದು ನಕಲಿ. ಇಂಥ ನಿಯಮ ಬದಲಾಗ್ತಾನೇ ಇರುತ್ತೆ, ಟಿಕೆಟ್ ತಗೊಳ್ಳೋ ಮುಂಚೆ ಅವ್ರ ರಾಯಭಾರ ಕಚೇರಿ ಸೈಟ್ ಒಮ್ಮೆ ನೋಡ್ಕೊಳ್ಳಿ.

ನಾವು ಬೆಂಗಳೂರಿಂದ ಸಿಂಗಾಪುರದಲ್ಲಿ ವಿಮಾನ ಬದಲಾಯಿಸ್ಕೊಂಡು ಹೋದ್ವಿ. ಕ್ವಾಲಾಲಂಪುರ, ಬ್ಯಾಂಕಾಕ್ ಮೇಲೂ ಹೋಗ್ಬಹುದು. ಅಲ್ಲಿ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಒಂದು ಪೆಸೊ ಅಂದ್ರೆ ಹೆಚ್ಚುಕಮ್ಮಿ ಒಂದೂವರೆ ರೂಪಾಯಿ ಅಂತ ತಲೇಲಿಟ್ಕೊಳ್ಳಿ. ರೂಪಾಯಿ ಒಯ್ಯೋದು ವೇಸ್ಟು, ಡಾಲರ್ ಒಯ್ದು ಮನಿಲಾದಲ್ಲೇ ಬದಲಾಯಿಸ್ಕೊಳ್ಳಿ, ಯಾಕಂದ್ರೆ ಹೊರದೇಶದ ಕಾರ್ಡ್ ಹಾಕಿದ್ರೆ ಎಟಿಎಂ ಪ್ರತಿ ಸಲ ಸುಮಾರು 250 ಪೆಸೊ ಕಿತ್ಕೊಳ್ಳುತ್ತೆ, ಹಬ್ಬದ ದಿನ ಲುಕ್ಬಾನ್ ಎಟಿಎಂ ಮುಂದೆ ಇರೋ ಕ್ಯೂ ನೋಡಿದ್ರೆ ತಿರುಪತಿ ನೆನಪಾಗುತ್ತೆ. ಸಣ್ಣ ನೋಟು ಜಾಸ್ತಿ ಇರ್ಲಿ. ನಮ್ಮ ಚಾರ್ಜರಿನ ದುಂಡು ಪಿನ್ ಅಲ್ಲಿ ಹೋಗಲ್ಲ, ಚಪ್ಪಟೆ ಎರಡು ಪಿನ್ನಿನ ಅಡಾಪ್ಟರ್ ಬೇಕು, ವೋಲ್ಟೇಜ್ ನಮ್ಮ ಹಾಗೇ.

ಈಗ ಮುಖ್ಯ ವಿಷ್ಯ. ಪಹಿಯಾಸ್ ನೋಡೋಕೆ ಹೋಗೋರಲ್ಲಿ ಮುಕ್ಕಾಲು ಜನ ಮಾಡೋ ತಪ್ಪು ಏನಂದ್ರೆ 15ರ ಬೆಳಗ್ಗೆ ಮನಿಲಾದಿಂದ ವ್ಯಾನ್‌ನಲ್ಲಿ ಹೊರಟು, ಊರ ಹೊರಗೆ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡು, ಹನ್ನೆರಡು ಗಂಟೆ ಬಿಸಿಲಿಗೆ ಇಳಿದು, ಜನರ ತಲೆ ನಡುವೆ ನಾಲ್ಕು ಫೋಟೊ ಹೊಡ್ಕೊಂಡು ಸಂಜೆ ವಾಪಸ್ ಹೋಗೋದು. ಅದು ಜಾತ್ರೆ ದಿನ ತೇರೆಳೆಯೋ ಹೊತ್ತಿಗೆ ಬಂದು ಗದ್ದಲ ನೋಡಿ ಹೋದ ಹಾಗೆ. ನೀವು 13ಕ್ಕೇ ಹೋಗಿ ಸೇರ್ಕೊಳ್ಳಿ, 14 ಪೂರ್ತಿ ಊರೊಳಗೆ ಕಾಲಾಡಿಸಿ, 15ರ ಹಬ್ಬ ನೋಡಿ, 16ಕ್ಕೆ ಬೆಟ್ಟದ ಬುಡದ ರೆಸಾರ್ಟಿಗೆ ಹೋಗಿ ಮಲ್ಕೊಳ್ಳಿ. ನನ್ನ ಕೇಳಿದ್ರೆ ಈ ನಾಲ್ಕರಲ್ಲಿ 14ನೇ ತಾರೀಖೇ ಎಲ್ಲಕ್ಕಿಂತ ಚೆಂದ.

ಯಾಕೆ ಅಂತ ಹೇಳ್ತೀನಿ, ಅದಕ್ಕೆ ಹಬ್ಬ ಏನು ಅಂತ ಸ್ವಲ್ಪ ಗೊತ್ತಿರ್ಬೇಕು. ಇದು ಸಾನ್ ಇಸಿದ್ರೊ ಅನ್ನೋ ಸಂತನ ಹಬ್ಬ. ಅವನು ಸ್ಪೇನ್‌ನ ಮ್ಯಾಡ್ರಿಡ್ ಕಡೆ ಇನ್ನೊಬ್ರ ಹೊಲದಲ್ಲಿ ಕೂಲಿ ಮಾಡ್ತಿದ್ದ ಒಕ್ಕಲಿಗ, ಚರ್ಚು 1622ರಲ್ಲಿ ಅವನನ್ನ ಸಂತ ಅಂತ ಸಾರಿತು. ಅವನು ಪ್ರಾರ್ಥನೇಲಿ ಮೈಮರೆತು ಕೂತಿದ್ರೆ ಅವನ ಪಾಲಿನ ಉಳುಮೆನ ದೇವದೂತರು ಬಂದು ಮಾಡಿ ಹೋಗ್ತಿದ್ರಂತೆ. ರೈತರ ದೇವ್ರು ಅಂತ ಇಟ್ಕೊಳ್ಳಿ. ಹಿಂದೆ ಲುಕ್ಬಾನ್ ರೈತರು ಬೆಳೆದದ್ದನ್ನೆಲ್ಲ ಚರ್ಚಿಗೆ ಹೊತ್ಕೊಂಡು ಹೋಗಿ ಪಾದ್ರಿ ಹತ್ರ ಆಶೀರ್ವಾದ ಮಾಡಿಸ್ತಿದ್ರು, ಆಮೇಲೆ ಫಸಲು ಜಾಸ್ತಿಯಾಗಿ ಚರ್ಚಲ್ಲಿ ಜಾಗ ಸಾಲದೆ, ನಿಮ್ಮನಿಮ್ಮ ಮನೆ ಮುಂದೇ ಇಡಿ, ನಾವೇ ಆ ದಾರೀಲಿ ಬರ್ತೀವಿ ಅಂತಾಯ್ತು ಅಂತ ಅಲ್ಲಿಯವರು ಹೇಳ್ತಾರೆ. ಅಂದ್ರೆ ದೇವ್ರೇ ಬೀದಿಗೆ ಬರೋದು. ಉತ್ಸವಮೂರ್ತಿ ರಥಬೀದಿಲಿ ಹೊರಟಾಗ ಮನೆಮನೆ ಮುಂದೆ ಆರತಿ ತಟ್ಟೆ ಹಿಡ್ಕೊಂಡು ನಿಲ್ತೀವಲ್ಲ, ಅದೇ, ಇವ್ರು ತಟ್ಟೆ ಬದಲು ಇಡೀ ಮನೇನೇ ಹಿಡ್ಕೊಂಡು ನಿಲ್ತಾರೆ ಅಷ್ಟೇ.

ಮನೆ ಗೋಡೆ, ಕಿಟಕಿ, ಬಾಲ್ಕನಿ ಎಲ್ಲಾ ಭತ್ತದ ತೆನೆ, ಬದನೆ, ಹೀರೆ, ಅನಾನಸು, ಎಳನೀರು, ತಾಳೆ ಗರಿಯ ಟೋಪಿ, ಅವ್ರ ಊರಿನ ಸಾಸೇಜಿನ ಸರ ಕೂಡ. ಎಲ್ಲಕ್ಕಿಂತ ಮೇಲೆ ಕಿಪಿಂಗ್. ಕಿಪಿಂಗ್ ಅಂದ್ರೆ ಎಲೆ ಆಕಾರದ ಅಕ್ಕಿ ಹಪ್ಪಳ, ಕೆಂಪು ಹಳದಿ ಹಸಿರು ಗುಲಾಬಿ. ಅದನ್ನ ನೂರಾರು ಪೋಣಿಸಿ ದೀಪದ ಗೊಂಚಲಿನ ಹಾಗೆ ಇಳಿಬಿಡ್ತಾರೆ, ಅದಕ್ಕೆ ಅರಾಂಗ್ಯಾ ಅಂತಾರೆ, ಗಾಳಿ ಬಂದ್ರೆ ಒಣ ಎಲೆ ಅಲ್ಲಾಡಿದ ಸದ್ದು, ಬಿಸಿಲು ಹಿಂದಿಂದ ಬಿದ್ರೆ ಬಣ್ಣದ ಗಾಜು.

14ಕ್ಕೆ ಹೋದ್ರೆ ಇದನ್ನೆಲ್ಲ ಏರಿಸೋದು ನೋಡ್ಬಹುದು. ಏಣಿ ಹಾಕ್ಕೊಂಡು ಮನೆಮಂದಿಯೆಲ್ಲ ಬೈಕೊಂಡು ನಗ್ಕೊಂಡು ಕಟ್ತಿರ್ತಾರೆ, ಮಾತಾಡೋಕೂ ಪುರುಸೊತ್ತಿರುತ್ತೆ. ಒಂದು ಮನೆ ಹಿತ್ತಲಲ್ಲಿ ಕೊನೇ ಗಳಿಗೆಗೆ ಇನ್ನೂ ಕಿಪಿಂಗ್ ಮಾಡ್ತಿದ್ರು. ಕಬಲ್ ಅಂತ ಒಂದು ಎಲೆ, ಅಗಲವಾಗಿ ನರ ಎದ್ದು ಕಾಣೋ ಅಂಥದ್ದು, ಅದ್ರ ಮೇಲೆ ಬಣ್ಣ ಹಾಕಿದ ತೆಳು ಅಕ್ಕಿ ಹಿಟ್ಟು ಬಳಿದು, ಬೆನ್ನು ಬಗ್ಗಿಸಿ ಹಬೇಲಿ ಇಟ್ಟು, ತೆಗೆದು ಆರಿಸಿ, ಎಲೆಯಿಂದ ಬಿಡಿಸಿ, ಮೇಲೆ ಭಾರ ಇಟ್ಟು ಮಟ್ಟ ಮಾಡ್ತಾರೆ. ಅಮ್ಮ ಐದು ನಿಮಿಷ ನಿಂತು ನೋಡಿದ್ಲು, ಆಮೇಲೆ ತಡೀಲಾರದೆ ಕೈ ಚಾಚಿದ್ಲು. ಆ ಮನೆ ಅಜ್ಜಿ ಒಂದು ಎಲೆ ಕೊಟ್ರು. ಬಾಳೆ ಎಲೆ ಮೇಲೆ ಸಂಡಿಗೆ ಬಳಿದು ಬಿಡಿಸಿ ಬಿಡಿಸಿ ರೂಢಿಯಾದ ಕೈ, ತುದಿಯಿಂದ ಅಲ್ಲ, ತೊಟ್ಟಿನ ಕಡೆಯಿಂದ ಉಗುರು ಕೊಟ್ಟು ಒಂದೇ ಸಲಕ್ಕೆ ಸರ್ರಂತ ಎಳೆದ್ಲು, ಹರೀದೆ ಪೂರ್ತಿ ಬಂತು, ಎಲೆಯ ಒಂದೊಂದು ನರದ ಗೆರೆನೂ ಹಿಟ್ಟಿನ ಮೇಲೆ ಮೂಡಿತ್ತು. ಆ ಅಜ್ಜಿ ಅಮ್ಮನ ಕೈ ಹಿಡಿದು ತಿರುಗಿಸಿ ಉಗುರು ನೋಡಿ ಏನೋ ಅಂದ್ರು, ಸುತ್ತ ಇದ್ದೋರೆಲ್ಲ ನಕ್ರು, ಅರ್ಥ ಆಗ್ಲಿಲ್ಲ. ಆಮೇಲೆ ಅರ್ಧ ಗಂಟೆ ಅಮ್ಮನ್ನ ಅಲ್ಲಿಂದ ಎಬ್ಬಿಸೋದೇ ಕಷ್ಟ ಆಯ್ತು. 15ಕ್ಕೆ ಹೋಗಿದ್ರೆ ಇದು ಸಿಕ್ತಾ ಇರ್ಲಿಲ್ಲ.

15ರ ದಿನದ ಲೆಕ್ಕ ಹೀಗೆ. ಬೆಳಕು ಹರಿಯೋ ಮುಂಚೆ ಎದ್ದು ಒಂಬತ್ತು ಗಂಟೆ ಒಳಗೆ ಬೀದಿ ಪೂರ್ತಿ ನೋಡಿ ಮುಗಿಸಿ. ಬೆಳಗ್ಗೆ ಚರ್ಚಲ್ಲಿ ಪೂಜೆ, ಹೊತ್ತು ಇಳಿದ ಮೇಲೆ ಮೆರವಣಿಗೆ, ಸಾನ್ ಇಸಿದ್ರೊ ಜೊತೆ ಅವನ ಹೆಂಡತಿ ಮೂರ್ತಿನೂ ಬರುತ್ತೆ, ಕಾಗದದಲ್ಲಿ ಮಾಡಿದ ಎತ್ತರೆತ್ತರದ ಗೊಂಬೆಗಳು ಕುಣೀತಾ ಬರುತ್ವೆ. ಪ್ರತಿ ವರ್ಷ ಅದೇ ಬೀದಿ ಅಲ್ಲ, ಸರದಿ ಮೇಲೆ ಬೇರೆ ಬೇರೆ ಬೀದಿ, ಹಾಗಾಗಿ ಹಳೇ ವೀಡಿಯೊ ನೋಡಿ ರೂಮು ಬುಕ್ ಮಾಡ್ಬೇಡಿ, ಈ ವರ್ಷದ ದಾರಿ ಯಾವುದು ಅಂತ ಕೇಳಿ. ಮನೆ ಮೇಲಿನ ಸಾಮಾನು ಮುಟ್ಬೇಡಿ, ಕಿತ್ಕೊಳ್ಳೋಕೆ ಅಂತಾನೇ ಒಂದು ಹೊತ್ತಿದೆ, ಅದಕ್ಕೆ ಕಲಸ್ ಅಂತಾರೆ, ಮೆರವಣಿಗೆ ಆದ್ಮೇಲೆ ಬಿಚ್ಚಿ ಹಂಚ್ತಾರೆ, ಎಸೀತಾರೆ, ಜನ ಮುಗಿಬೀಳ್ತಾರೆ. ಅಮ್ಮಂದಿರನ್ನ ಮಕ್ಕಳನ್ನ ಆಗ ಪಕ್ಕದಲ್ಲಿ ನಿಲ್ಲಿಸಿ. ನನ್ನ ತಲೆ ಮೇಲೆ ಒಂದು ಹೀರೆಕಾಯಿ ಬಿತ್ತು, ಪ್ರಸಾದ ಅಂತ ತಗೊಂಡೆ. ಅದೇ ದಿನ ಪಕ್ಕದ ತಯಾಬಸ್‌ನಲ್ಲಿ ಜನರ ಮೇಲೆ ಸುಮಾನ್ ಅನ್ನೋ ಅಂಟಕ್ಕಿ ತಿಂಡಿ ಎಸೆಯೋ ಹಬ್ಬ, ಸರಿಯಾಯಾದಲ್ಲಿ ಬಿದಿರಿಗೆ ಕಟ್ಟಿದ ತಿಂಡಿ ಹಣ್ಣು ಕಿತ್ಕೊಳ್ಳೋ ಅಗಾವನ್ ಹಬ್ಬ. ಎಲ್ಲಾ ನೋಡ್ತೀನಿ ಅಂತ ಓಡ್ಬೇಡಿ, ಆ ದಿನ ರಸ್ತೇಲಿ ಗಾಡಿ ಅಲ್ಲಾಡಲ್ಲ.

ಹೋಗೋ ದಾರಿ ಸುಲಭ. ಮನಿಲಾದ ಬುವೆಂದಿಯಾ ಅಥವಾ ಕುಬಾವೊದಿಂದ ಲುಸೇನಾಗೆ ಎಸಿ ಬಸ್ಸು ಹಗಲು ರಾತ್ರಿ ಇರುತ್ತೆ, ಟ್ರಾಫಿಕ್ ಕೃಪೆ ಇದ್ರೆ ನಾಲ್ಕು ಗಂಟೆ. ಲುಸೇನಾ ಗ್ರ್ಯಾಂಡ್ ಟರ್ಮಿನಲ್‌ನಲ್ಲಿ ಇಳಿದು ತಯಾಬಸ್ ಮೇಲೆ ಹೋಗೋ ಲುಕ್ಬಾನ್ ಜೀಪ್ನಿ ಹತ್ತಿ, ಇನ್ನೊಂದು ಗಂಟೆ. ಇನ್ನೊಂದು ದಾರಿ ಲಗುನಾ ಕಡೆಯಿಂದ, ಸಾಂತಾ ಕ್ರುಸ್ ತನಕ ಬಸ್ಸು, ಅಲ್ಲಿಂದ ಗುಡ್ಡ ಹತ್ತೋ ಜೀಪ್ನಿ. ನೋಡೋಕೆ ಎರಡನೇದು ಚೆಂದ, ಸಾಮಾನು ಜಾಸ್ತಿ ಇದ್ರೆ ಮೊದಲನೇದು. ಜೀಪ್ನಿ ಅಂದ್ರೆ ನಮ್ಮ ಮ್ಯಾಕ್ಸಿಕ್ಯಾಬಿನ ದೊಡ್ಡಣ್ಣ, ಎದುರುಬದುರು ಕೂತ್ಕೊಂಡು ಹೋಗೋದು, ಕಂಡಕ್ಟರ್ ಇರಲ್ಲ. ದುಡ್ಡನ್ನ ಪಕ್ಕದವರ ಕೈಗೆ ಕೊಟ್ಟು ಬಾಯಾದ್ ಪೊ ಅನ್ನಿ, ಕೈಯಿಂದ ಕೈಗೆ ಡ್ರೈವರ್ ತನಕ ಹೋಗುತ್ತೆ, ಚಿಲ್ಲರೆನೂ ಹಾಗೇ ವಾಪಸ್ ಬರುತ್ತೆ. ಇಳಿಯೋವಾಗ ಪಾರಾ ಪೊ.

ಈ ಪೊ ಅನ್ನೋದು ಒಂದು ಕಲಿತ್ರೆ ಅರ್ಧ ಭಾಷೆ ಬಂದ ಹಾಗೆ. ನಮ್ಮ ರೀ ಇದ್ದ ಹಾಗೇ ಅದು, ಹುಬ್ಬಳ್ಳಿ ಕಡೆಯವರು ಎಲ್ಲದಕ್ಕೂ ರೀ ಹಚ್ತಾರಲ್ಲ ಹಾಗೆ ಹಚ್ಚಿ. ಸಲಾಮತ್ ಪೊ ಅಂದ್ರೆ ಥ್ಯಾಂಕ್ಸ್ ರೀ, ಮಗ್ಕಾನೊ ಪೊ ಅಂದ್ರೆ ಎಷ್ಟ್ರೀ. ಇಂಗ್ಲಿಷ್ ಸುಮಾರು ಜನಕ್ಕೆ ಬರುತ್ತೆ, ಆದ್ರೂ ಒಂದು ಪೊ ಸೇರಿಸಿದ್ರೆ ಮುಖ ಅರಳುತ್ತೆ. ಅಂದಹಾಗೆ ಮುಖಕ್ಕೆ ಅವ್ರೂ ಮುಖಾ ಅಂತಾನೇ ಅನ್ನೋದು, ಮೇಷ್ಟ್ರಿಗೆ ಗುರೊ, ವನದೇವತೆಗೆ ದಿವಾತಾ, ಯಾವ ಕಾಲದಲ್ಲಿ ಸಂಸ್ಕೃತ ಸಮುದ್ರ ದಾಟಿ ಹೋಗಿ ಕೂತಿದೆಯೋ. ಹಿರಿಯರು ಕಂಡ್ರೆ ಚಿಕ್ಕವರು ಅವ್ರ ಕೈ ತಗೊಂಡು ಹಣೆಗೆ ಒತ್ಕೋತಾರೆ. ನಮ್ಮಮ್ಮನಿಗೂ ಒಂದು ಪುಟ್ಟ ಹುಡುಗ ಹಾಗೆ ಮಾಡಿದ, ಅವಳು ಅಭ್ಯಾಸಬಲದಿಂದ ಅವನ ತಲೆ ಮುಟ್ಟಿ ಆಶೀರ್ವಾದ ಮಾಡಿದ್ಲು, ಸರಿಹೋಯ್ತು.

ಈಗ ಹೊಟ್ಟೆ. ಇದನ್ನ ಉದ್ದ ಬರೀಲೇಬೇಕು. ಮಾಂಸ ತಿನ್ನೋರಿಗೆ ಲುಕ್ಬಾನ್ ಸ್ವರ್ಗ, ಬೆಳ್ಳುಳ್ಳಿ ಹುಳಿ ಹಾಕಿದ ಲೊಂಗನೀಸಾ ಅನ್ನೋ ಹಂದಿ ಸಾಸೇಜಿಗೆ ಊರೇ ಹೆಸರುವಾಸಿ. ಪಾನ್ಸಿತ್ ಹಬ್‌ಹಬ್ ಅಂತ ನೂಡಲ್ಸು, ಬಾಳೆ ಎಲೆ ಮೇಲೆ ಹಾಕಿ ವಿನೆಗರ್ ಸುರಿದು ಕೊಡ್ತಾರೆ, ಚಮಚ ಇಲ್ಲ ಕೈಯಿಲ್ಲ, ಎಲೆ ಎತ್ತಿ ನೇರ ಬಾಯಿಗೆ. ಸಸ್ಯಾಹಾರಿ ಆದ್ರೆ ಕೆಲ್ಸ ಇದೆ. ವಾಲಾಂಗ್ ಕಾರ್ನೆ, ಅಂದ್ರೆ ಮಾಂಸ ಇಲ್ದೆ, ಅಂದ್ರೆ ಸಾಲಲ್ಲ, ಮೇಲಿಂದ ಹಂದಿ ತುಂಡು ತೆಗೆದು ಅದೇ ಪ್ಲೇಟು ಕೊಟ್ಬಿಡ್ತಾರೆ, ಪಾಪ ಮೋಸ ಅಲ್ಲ, ಅವ್ರಿಗೆ ತರಕಾರಿ ಊಟ ಅಂದ್ರೆ ತರಕಾರಿ ಜಾಸ್ತಿ ಇರೋ ಊಟ. ಮೀನಿನ ಸಾಸು ಪಾತಿಸ್, ಸೀಗಡಿ ಪೇಸ್ಟು ಬಾಗೊಒಂಗ್, ಆಯ್ಸ್ಟರ್ ಸಾಸು, ಈ ಮೂರೂ ಬೇಡ ಅಂತ ಹೆಸರು ಹಿಡಿದು ಹೇಳಿ. ನಾನು ಒಂದು ಚೀಟಿಲಿ ತಗಾಲೊಗ್ ಭಾಷೇಲಿ ಬರೆಸ್ಕೊಂಡು ಹೋಗಿದ್ದೆ, ಅದನ್ನ ನೇರ ಅಡುಗೆಯವರಿಗೇ ತೋರಿಸ್ತಿದ್ದೆ.

ಅಮ್ಮ ತಿಂದು ಬದುಕಿದ್ದು ಇದ್ರಲ್ಲಿ: ಬಿಳಿ ಅನ್ನ, ಅದು ಎಲ್ಲಾ ಕಡೆ ಸಿಗುತ್ತೆ. ಸುಮಾನ್, ಅಂಟಕ್ಕಿನ ತೆಂಗಿನ ಹಾಲಲ್ಲಿ ಬೇಯಿಸಿ ಎಲೇಲಿ ಸುತ್ತಿದ್ದು, ನಮ್ಮ ಕಡುಬಿನ ತಂಗಿ. ತಾಹೊ, ಮೆತ್ತನೆ ಸೋಯಾ ಗಿಣ್ಣಿನ ಹಾಗಿರೋದಕ್ಕೆ ಬೆಲ್ಲದ ಪಾಕ ಹಾಕಿ ಲೋಟದಲ್ಲಿ ಕೊಡ್ತಾರೆ, ಬೆಳಗ್ಗೆ ಹೊತ್ಕೊಂಡು ಮಾರ್ತಾ ಬರ್ತಾರೆ. ಮೇ ತಿಂಗಳಾದ್ರಿಂದ ಮಾವಿನ ಹಣ್ಣು, ಅದ್ರ ಬಗ್ಗೆ ಅಮ್ಮ ಆಪೂಸಿಗೆ ಅನ್ಯಾಯ ಆಗ್ಬಾರದು ಅಂತ ಏನೂ ಹೇಳ್ಲಿಲ್ಲ, ಆದ್ರೆ ದಿನಕ್ಕೆ ಮೂರು ತಿಂದ್ಲು. ಪಾಕೊ ಅಂತ ಜರೀಗಿಡದ ಎಳೆ ಚಿಗುರಿನ ಸಲಾಡು, ಕೊಡಗಿನವರು ಥೆರ್ಮೆ ತೊಪ್ಪು ಅಂತ ಪಲ್ಯ ಮಾಡ್ತಾರಲ್ಲ ಆ ಥರದ್ದೇ, ಅದ್ರ ಮೇಲೆ ಹಾಕೋ ಉಪ್ಪು ಮೊಟ್ಟೆ ಬೇಡ ಅನ್ನಿ. ಜೊತೆಗೆ ನಮ್ಮ ಚಟ್ನಿಪುಡಿ, ಅವಲಕ್ಕಿ, ಒಂದು ಸಣ್ಣ ಕರೆಂಟ್ ಕೆಟಲ್. ಹಸಿ ಹಣ್ಣು, ಗಿಡ, ಮಾಂಸದ ಐಟಮ್ಮು ಬ್ಯಾಗಲ್ಲಿಟ್ಟು ಏರ್‌ಪೋರ್ಟಲ್ಲಿ ತಾಪತ್ರಯ ಮಾಡ್ಕೋಬೇಡಿ. ಇನ್ನೊಂದು, ಹಬ್ಬದ ದಿನ ಹಾದಿಲಿ ಹೋಗೋರನ್ನೂ ಕಾಯಿನ್ ತಾಯೊ, ಬನ್ನಿ ಊಟ ಮಾಡಿ ಅಂತ ಕರೀತಾರೆ. ನಮ್ಮ ಊಟ ಆಯ್ತಾ ಇದ್ದ ಹಾಗೆ ಅದೂ ಅರ್ಧ ಮಾತು ಅರ್ಧ ನಿಜ. ಬುಸೋಗ್ ಪಾ ಪೊ, ಹೊಟ್ಟೆ ತುಂಬಿದೆ ರೀ, ಅಂತ ನಗ್ತಾ ಹೇಳಿದ್ರೆ ಯಾರಿಗೂ ಬೇಜಾರಿಲ್ಲ.

ತೆಂಗಿನ ಕಳ್ಳಿನಿಂದ ಇಳಿಸೋ ಲಂಬನೊಗ್ ಅನ್ನೋ ಸಾರಾಯಿ ಈ ಸೀಮೆದೇ. ಒಂದೇ ಗ್ಲಾಸು ಎಲ್ಲರ ಕೈಗೂ ಸುತ್ತುತ್ತೆ. ಸೀಲ್ ಇರೋ, ಲೈಸೆನ್ಸ್ ನಂಬರ್ ಇರೋ ಬಾಟ್ಲಿ ಮಾತ್ರ. 2019ರ ಡಿಸೆಂಬರ್‌ನಲ್ಲಿ ಲಗುನಾ, ಕೆಸೋನ್ ಕಡೆ ಮೆಥನಾಲ್ ಬೆರೆತ ಲಂಬನೊಗ್ ಕುಡಿದು ಜನ ಸತ್ತಿದಾರೆ, ನೂರಾರು ಜನ ಆಸ್ಪತ್ರೆ ಸೇರಿದ್ರು.

ರೆಸಾರ್ಟ್ ವಿಷ್ಯಕ್ಕೆ ಬರ್ತೀನಿ. ರೆಸಾರ್ಟ್ ಅಂದ ತಕ್ಷಣ ಚಿಕ್ಕಮಗಳೂರಿನ ಕಾಫಿ ಎಸ್ಟೇಟ್ ರೆಸಾರ್ಟ್ ಅಂದ್ಕೋಬೇಡಿ. ಅಲ್ಲಿ ಹೆಚ್ಚಿನವು ಮನೆಮಂದಿ ಟೆಂಪೊ ಮಾಡ್ಕೊಂಡು, ಅನ್ನದ ಪಾತ್ರೆ ಸಮೇತ ಬಂದು, ಬುಗ್ಗೆ ನೀರಿನ ಕೊಳದಲ್ಲಿ ಬಿದ್ದು ಒದ್ದಾಡಿ ಸಂಜೆ ಮನೆಗೆ ಹೋಗೋ ಜಾಗಗಳು. ಎಂಟ್ರಿ ಫೀ ಬೇರೆ, ಕೂರೋಕೆ ಕಾಟೇಜ್ ಬಾಡಿಗೆ ಬೇರೆ, ಕಾಟೇಜ್ ಅಂದ್ರೆ ರೂಮಲ್ಲ, ಗೋಡೆ ಇಲ್ದಿರೋ ಚಪ್ಪರ! ರಾತ್ರಿ ಉಳಿಯೋಕೆ ರೂಮು ಅಂತ ಬಿಡಿಸಿ ಕೇಳಿ. ಹೊರಗಿನ ಊಟ ತಂದ್ರೆ ಕಾರ್ಕೇಜ್ ಅಂತ ಇನ್ನೊಂದು ಚಾರ್ಜು. ಕೊಳಕ್ಕೆ ಇಳಿಯೋಕೆ ಈಜೋ ಬಟ್ಟೆನೇ ಬೇಕು, ಕಾಟನ್ ಟಿ-ಶರ್ಟಿಗೆ ಸುಮಾರು ಕಡೆ ಬಿಡಲ್ಲ. ಬಾತ್‌ರೂಮಲ್ಲಿ ಬಕೆಟ್ಟು, ತಾಬೊ ಅನ್ನೋ ಚೊಂಬು ಇರುತ್ತೆ, ಅದು ನೋಡಿ ಅಮ್ಮನಿಗೆ ಆದ ಸಮಾಧಾನ ಇಡೀ ಪ್ರವಾಸದಲ್ಲಿ ಇನ್ಯಾವುದಕ್ಕೂ ಆಗ್ಲಿಲ್ಲ. ಕರೆಂಟ್ ಹೋದ್ರೆ ಬ್ರೌನ್‌ಔಟ್ ಅಂತಾರೆ, ಜನರೇಟರ್ ಇದೆಯಾ ಕೇಳಿ.

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ: ವೀಡಿಯೊಕೆ ಎಷ್ಟು ಗಂಟೆಗೆ ನಿಲ್ಸ್ತಾರೆ? ವೀಡಿಯೊಕೆ ಅಂದ್ರೆ ಕರಾವೊಕೆ ಮಿಷನ್ನು, ಇಡೀ ದೇಶಕ್ಕೆ ಅದ್ರ ಹುಚ್ಚು. ನಾವು ಇಳ್ಕೊಂಡ ಮೊದಲ ಜಾಗದಲ್ಲಿ, ಹೆಸರು ಬೇಡ ಬಿಡಿ, ಫೋಟೊದಲ್ಲಿ ಮಂಜು, ತೊರೆ, ಹಕ್ಕಿ ಎಲ್ಲಾ ಇತ್ತು, ರಾತ್ರಿ ಒಂದೂವರೆ ತನಕ ಪಕ್ಕದ ಚಪ್ಪರದಲ್ಲಿ ಒಬ್ಬ ಮಾವ ಒಂದೇ ಹಾಡನ್ನ ಐದು ಸಲ ಹಾಡಿದ. ಐದನೇ ಸಲ ಚೆನ್ನಾಗಿ ಬಂತು ಅನ್ನೋದು ಬೇರೆ ಮಾತು. ಅದು ಶನಿವಾರ. ಮಾರನೇ ದಿನ ಬೇರೆ ಜಾಗಕ್ಕೆ ಹೋದ್ವಿ, ಸೋಮವಾರ ಬೆಳಗ್ಗೆ ಅಲ್ಲಿ ಕೊಳದಲ್ಲಿ ನಾವಿಬ್ರೇ, ಎದುರಿಗೆ ಬನಾಹಾವ್ ಮೋಡ ಹೊದ್ಕೊಂಡು ಕೂತಿತ್ತು. ಅದಕ್ಕೇ ಹೇಳೋದು, ರೆಸಾರ್ಟಿಗೆ ವಾರದ ಮಧ್ಯೆ ಹೋಗಿ. ಲುಕ್ಬಾನ್‌ನಲ್ಲಿ ಬಾತಿಸ್ ಅರಾಮಿನ್ ಇದೆ, ತಯಾಬಸ್ ಕಡೆ ಮೀನಿನ ಕೆರೆ ಮೇಲೆ ತೇಲೋ ಬಿದಿರು ಗುಡಿಸಲಲ್ಲಿ ಊಟ ಹಾಕೋ ಕಮಾಯನ್ ಸಾ ಪಲಾಯಿಸ್ದಾನ್ ಇದೆ. ಹಬ್ಬಕ್ಕೆ ಊರೊಳಗಿನ ರೂಮುಗಳು ತಿಂಗಳುಗಟ್ಟಲೆ ಮುಂಚೆ ಖಾಲಿಯಾಗುತ್ವೆ, ಸಿಗ್ಲಿಲ್ಲ ಅಂದ್ರೆ ತಯಾಬಸ್ ಅಥವಾ ಲುಸೇನಾದಲ್ಲಿ ಇರಿ, ಆದ್ರೆ 14ರ ರಾತ್ರಿ ಒಂದನ್ನಾದ್ರೂ ಊರೊಳಗೆ ಗಿಟ್ಟಿಸ್ಕೊಳ್ಳಿ, ಯಾರದಾದ್ರೂ ಮನೆ ಮೇಲಿನ ರೂಮಾದ್ರೂ ಸರಿ.

ಬನಾಹಾವ್ ತುದಿ ಹತ್ತೋ ಆಸೆ ಇದ್ರೆ ಬಿಟ್ಬಿಡಿ. 2,170 ಮೀಟರ್ ಎತ್ತರದ ಜ್ವಾಲಾಮುಖಿ ಅದು, ಅಲ್ಲಿಯವರಿಗೆ ಪವಿತ್ರ ಬೆಟ್ಟ, ಯಾತ್ರಿಕರು ಚಾರಣಿಗರು ಬಿಟ್ಟ ಕಸ ವಿಪರೀತವಾಗಿ 2004ರಲ್ಲಿ ಮೇಲಿನ ದಾರಿಗಳನ್ನ ಮುಚ್ಚಿದ್ರು, 2009ರಲ್ಲಿ ಕಾನೂನು ಮಾಡಿ ಸಂರಕ್ಷಿತ ಪ್ರದೇಶ ಅಂತಾನೂ ಮಾಡಿದ್ರು. ಕದ್ದು ಕರ್ಕೊಂಡು ಹೋಗ್ತೀನಿ ಅನ್ನೋ ಗೈಡ್ ಸಿಕ್ರೂ ಬೇಡ. ಕಾಲಿಗೆ ಕೆಲ್ಸ ಬೇಕಂದ್ರೆ ಪಕ್ಕದ ಮಹೈಹೈ ಊರಿನ ತೈತೈ ಜಲಪಾತ ಇದೆ, ನೀರು ಹಲ್ಲು ಕಟಕಟ ಅನ್ನೋಷ್ಟು ತಣ್ಣಗೆ. ಲುಕ್ಬಾನ್‌ನಲ್ಲೇ ಕಮಾಯ್ ನಿ ಹೇಸುಸ್ ಅಂತ ಗುಡ್ಡದ ಮೇಲೆ ದೊಡ್ಡ ಏಸು ಪ್ರತಿಮೆ, ಸುಮಾರು 300 ಮೆಟ್ಟಿಲು, ಅಮ್ಮ ಕೆಳಗೆ ಮರದಡಿ ಕೂತ್ಲು. ಈಸ್ಟರ್ ಮುಂಚಿನ ವಾರ ಅಲ್ಲಿಗೆ ಹೋಗ್ಲೇಬೇಡಿ, ಜನಸಾಗರ. ತಯಾಬಸ್‌ನಲ್ಲಿ ಮಲಗೊನ್‌ಲೊಂಗ್ ಅನ್ನೋ ಸ್ಪ್ಯಾನಿಷ್ ಕಾಲದ ಕಲ್ಲಿನ ಸೇತುವೆ ಚೆನ್ನಾಗಿದೆ.

ಊರಿನ ಇನ್ನೊಬ್ಬನ ಹೆಸರು ಕೇಳಿಸ್ಕೊಂಡಿರಿ, ಅಪೊಲಿನಾರಿಯೊ ದೆ ಲಾ ಕ್ರುಸ್, ಎರ್ಮಾನೊ ಪುಲೆ ಅಂತಾನೇ ಎಲ್ರೂ ಕರೆಯೋದು. ಲುಕ್ಬಾನ್ ಹುಡುಗ, ಪಾದ್ರಿ ಆಗ್ಬೇಕು ಅಂತ ಹೋದ್ರೆ ಸ್ಥಳೀಯ ಜಾತಿಯವನು ಅಂತ ಸ್ಪ್ಯಾನಿಷರು ಸೇರಿಸ್ಕೊಳ್ಳಲಿಲ್ಲ, 1832ರಲ್ಲಿ ತಾನೇ ಒಂದು ಭಕ್ತಮಂಡಳಿ ಕಟ್ಟಿದ. ಸಾವಿರಾರು ಜನ ಸೇರಿದ್ರು, ಸರ್ಕಾರ ಹೆದರಿ ಸೈನ್ಯ ಕಳಿಸ್ತು, 1841ರ ನವೆಂಬರ್‌ನಲ್ಲಿ ತಯಾಬಸ್‌ನಲ್ಲಿ ಅವನನ್ನ ಕೊಂದ್ರು, ವಯಸ್ಸು ಮೂವತ್ತೂ ಆಗಿರ್ಲಿಲ್ಲ. ಹಬ್ಬದ ಬಣ್ಣ ನೋಡ್ತಾ ಲುಕ್ಬಾನ್ ಚರ್ಚಿನ ಮುಂದೆ ನಿಂತಾಗ ಈ ಕಥೆ ಗೊತ್ತಿದ್ರೆ ಒಳ್ಳೇದು.

ಮಳೆ ಬಗ್ಗೆ: ಬೆಟ್ಟದ ಬುಡ ಆದ್ರಿಂದ ಮೇನಲ್ಲೂ ಮಧ್ಯಾಹ್ನ ಸುರಿದುಬಿಡುತ್ತೆ, ಕೊಡೆಗಿಂತ ರೈನ್‌ಕೋಟ್ ವಾಸಿ, ಜನಜಂಗುಳಿಲಿ ಕೊಡೆ ಬಿಚ್ಚಿದ್ರೆ ಬೈಗುಳ. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ, ಆಗ ರೆಸಾರ್ಟ್ ಅಗ್ಗ ಅಂತ ಹೋಗೋರು ಹವಾಮಾನ ನೋಡ್ಕೊಂಡು ಹೋಗಿ.

ತರೋಕೆ ಏನು? ತಾಳೆ ಗರಿ ಟೋಪಿ, ಬ್ರೊವಾಸ್ ಅನ್ನೋ ಬಿಸ್ಕೆಟ್ಟು (ಮೊಟ್ಟೆ ಇದೆ), ಮತ್ತೆ ಕಿಪಿಂಗ್. ಗೋಡೆ ಮೇಲಿಂದ ಕಿತ್ತ ಕಿಪಿಂಗ್ ತಿನ್ನೋಕಲ್ಲ, ಧೂಳು ಬಣ್ಣ ಎಲ್ಲಾ ಇರುತ್ತೆ, ತಿನ್ನೋದೇ ಬೇರೆ ಮಾರ್ತಾರೆ, ಕೇಳಿ ತಗೊಳ್ಳಿ. ನ್ಯೂಸ್‌ಪೇಪರ್ ನಡುವೆ ಒಂದೊಂದೇ ಇಟ್ಟು, ಗಟ್ಟಿ ಡಬ್ಬೀಲಿ ಹಾಕಿ, ಕೈಬ್ಯಾಗಲ್ಲೇ ಇಟ್ಕೊಳ್ಳಿ, ಚೆಕಿನ್ ಬ್ಯಾಗಲ್ಲಿ ಹಾಕಿದ್ರೆ ರಂಗೋಲಿ ಪುಡಿ ಆಗುತ್ತೆ. ಎಣ್ಣೆ ಚೆನ್ನಾಗಿ ಕಾದಿರ್ಬೇಕು, ಹಾಕಿದ ಕೂಡ್ಲೇ ಅರಳುತ್ತೆ, ತಕ್ಷಣ ತೆಗೀಬೇಕು. ಅಲ್ಲಿ ಸಕ್ಕರೆ ಅಥವಾ ವಿನೆಗರ್ ಜೊತೆ ತಿಂತಾರೆ. ಸಾಗರದಲ್ಲಿ ಅಮ್ಮ ಕರಿದು, ಮೇಲೆ ಇಂಗು ಮೆಣಸಿನಪುಡಿ ಉದುರಿಸಿ ಪಕ್ಕದ ಮನೆಯವರಿಗೆಲ್ಲ ಕೊಟ್ಲು, ಒಬ್ರು ಯಾವ ಅಂಗಡೀದು ಅಂತ ಕೇಳಿದ್ರು.